ಕ್ಯಾಸೆಟ್ಟಿನಲ್ಲಿ ಕೂತ ಪ್ರೋಗ್ರಾಂ

ಅಟ್ಟ ಸೇರಿದ್ದ ಹಳೆಯ ಕಂಪ್ಯೂಟರ್ ಮತ್ತೆ ಕಣ್ಣುಬಿಟ್ಟಿದೆಯೇ? 1982ರ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಇರಲಿ, 1980ರ ದಶಕದಲ್ಲಿ ಕಂಪ್ಯೂಟರ್ ಕಲಿಸುವ ‘ಕ್ಲಾಸ್’ ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಇರಲಿ, ಹಾಡಿನ ಕ್ಯಾಸೆಟ್ಟಿನಲ್ಲೇ ಪ್ರೋಗ್ರಾಂ ಉಳಿಸಬಲ್ಲವು. ಸೊನ್ನೆಗೊಂದು ಸದ್ದು, ಒಂದಕ್ಕೆ ಮತ್ತೊಂದು, ಗುಟ್ಟು ಇಷ್ಟೇ.

ದುಬಾರಿ ಕ್ರೋಮ್ ಟೇಪಿನ ಬೆನ್ನು ಹತ್ತಬೇಡಿ, ಸಾದಾ ‘ನಾರ್ಮಲ್’ ಸಾಕು. 90 ನಿಮಿಷದ ಟೇಪು ತೆಳು, ಬೇಗ ಹಿಗ್ಗುತ್ತದೆ, 60ರೊಳಗಿನದು ಕ್ಷೇಮ. ಆರಂಭದ ಖಾಲಿ ಪಟ್ಟಿ ದಾಟಿದ ಮೇಲೆಯೇ ರೆಕಾರ್ಡ್ ಒತ್ತಿ. ಟೇಪ್ ರೆಕಾರ್ಡರಿನಲ್ಲಿ ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಇದ್ದರೆ ಆಫ್ ಇರಲಿ. ಲೋಡ್ ಆಗದಿದ್ದರೆ ಕಂಪ್ಯೂಟರನ್ನು ಬೈಯುವ ಮೊದಲು ವಾಲ್ಯೂಮ್ ಹೆಚ್ಚು ಕಡಿಮೆ ಮಾಡಿ ನೋಡಿ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಟೇಪು ಓದುವ ಹೆಡ್ ಒರೆಸಿ. ಆಗಲೂ ಸದ್ದು ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದು ತಿಳಿಯಾಗುವಲ್ಲಿ ನಿಲ್ಲಿಸಿ.

ಪ್ರತಿ ಪ್ರೋಗ್ರಾಮನ್ನೂ ಎರಡು ಸಲ ಉಳಿಸಿ. ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ತುಣುಕು ಮುರಿದಿಟ್ಟರೆ, ಮನೆಯವರು ಮರೆತು ಅದರ ಮೇಲೆ ಹಾಡು ತುಂಬುವ ಭಯವಿಲ್ಲ. ಸ್ಪೀಕರಿನ ಅಯಸ್ಕಾಂತದಿಂದ ದೂರವಿಡಿ.

ಕೊನೆಗೊಂದು ಮಾತು: ಹಳೆಯ ಟೇಪು ಸಿಕ್ಕಿದರೆ ಮೊದಲು ಅದನ್ನು ವೇವ್ ಕಡತವಾಗಿ ಇಳಿಸಿಕೊಳ್ಳಿ, ಸದ್ದನ್ನು ಹಿಂಡಿ ಕುಗ್ಗಿಸುವ ಎಂಪಿ3 ಬೇಡ. ಟೇಪಿಗೂ ಮುಪ್ಪುಂಟು, ನಾಳೆಗೆ ಮುಂದೂಡಬೇಡಿ.