ಕೆಟ್ಟ ಬೊಂಬೆಯನ್ನು ಒಲೆಗೆ ಹಾಕಬೇಡಿ

ಪ್ರಶ್ನೆ: ನಾನು ದೊಡ್ಡಮಳೂರಿನವಳು. ಪದವಿ ಮುಗಿಸಿ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವುದನ್ನು ಕಲಿಯುತ್ತಿದ್ದೇನೆ. ಮಾಡಿದವೆಲ್ಲ ಬಿರುಕು ಬಿಡುತ್ತವೆ, ಇಲ್ಲವೇ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಈ ವಿದ್ಯೆ ನನಗೆ ಒಲಿಯದೇನೋ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಕೆಟ್ಟ ಬೊಂಬೆಗಳನ್ನೂ ಎಸೆಯಬೇಡಿ, ಒಂದೊಂದಕ್ಕೂ ಒಂದು ಕಾರಣವಿರುತ್ತದೆ. ಬೊಂಬೆಯ ಆಲೆ ಮರ ಬಿರುಕು ಬಿಟ್ಟರೆ, ಅದು ಪೂರ್ತಿ ಒಣಗಿತ್ತೇ ಎಂದು ಮೊದಲು ನೋಡಿ. ಹಸಿ ಮರ ಎಂಥ ಪಳಗಿದ ಕೈಯಲ್ಲೂ ಸೀಳುತ್ತದೆ. ಅರಗಿನ ಬಣ್ಣ ಹತ್ತುವುದು ಲೇತ್‌ನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಹುಟ್ಟುವ ಬಿಸಿಯಿಂದ. ಬಿಸಿ ಸಾಲದಿದ್ದರೆ ಬಣ್ಣ ತೇಪೆತೇಪೆಯಾಗಿ ನಿಲ್ಲುತ್ತದೆ. ಮರದ ಮೈ ನುಣುಪಾಗದಿದ್ದರೂ ಹಾಗೆಯೇ. ಈ ಹದವನ್ನು ಮಾತಿನಲ್ಲಿ ಹೇಳಿಕೊಡುವುದು ಕಷ್ಟ. ಕೆಡಿಸಿ, ತಿದ್ದಿ, ಕೈಯೇ ಅದನ್ನು ಕಂಡುಕೊಳ್ಳಬೇಕು.

ಆದರೆ ಸೋಲು ತಾನಾಗಿ ಪಾಠ ಹೇಳುವುದಿಲ್ಲ. ಅದೇ ತಪ್ಪನ್ನು ನೋಡದೆ ಮತ್ತೆ ಮತ್ತೆ ಮಾಡಿದರೆ ಮರವೂ ದಂಡ, ಮನಸ್ಸೂ ದಂಡ. ಹಾಗಾಗಿ ಕೆಟ್ಟ ಪ್ರತಿ ಬೊಂಬೆಯ ತಳದಲ್ಲಿ ತಾರೀಕು, ಏನು ಕೆಟ್ಟಿತು ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಮರ, ಉಳಿಯ ಕೋನ, ಲೇತ್‌ನ ವೇಗ, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ವಾರಕ್ಕೊಮ್ಮೆ ಕೆಟ್ಟ ಬೊಂಬೆಗಳನ್ನು ಗುರುಗಳ ಮುಂದೆ ಸಾಲಾಗಿ ಇಟ್ಟು ಕೇಳಿ. ನಾಚಿಕೆ ಬೇಡ. ತುಂಡು ಮರದಲ್ಲಿ ಧೈರ್ಯವಾಗಿ ಕೆಡಿಸಿ, ಆರ್ಡರ್‌ನ ಮರವನ್ನು ಆಮೇಲೆ ಮುಟ್ಟಿ. ಜಡೆ, ದುಪಟ್ಟಾ ಲೇತ್‌ಗೆ ಸಿಗದಂತೆ ಬಿಗಿಯಾಗಿ ಕಟ್ಟಿಕೊಳ್ಳಿ. ಅಲ್ಲಿ ಮಾತ್ರ ತಪ್ಪಿಗೆ ಅವಕಾಶವಿಲ್ಲ.