ಹಾರ್ಡ್‌ವೇರ್ ಪ್ರೀತಿಗೆ ಯಾವ ಡಿಗ್ರಿ, ಎಷ್ಟು ಸಾಲ?

ಪಿಯುಸಿ ಮುಗಿಸಿದ ಮಗನೋ ಮಗಳೋ ಮನೆಯ ಹಳೆಯ ಕಂಪ್ಯೂಟರನ್ನು ಬಿಚ್ಚಿ ಜೋಡಿಸುತ್ತಾರೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ದರ ವಿಚಾರಿಸುತ್ತಾರೆ, ಪ್ರೊಸೆಸರುಗಳ ಮಾದರಿ ಸಂಖ್ಯೆಗಳು ಅವರ ನಾಲಿಗೆಯ ತುದಿಯಲ್ಲೇ ಇರುತ್ತವೆ. ಇದನ್ನು ಕಂಡ ಮನೆಯವರು ‘ಕಂಪ್ಯೂಟರ್ ಅಂದ್ರೆ ಜೀವ ಬಿಡ್ತಾನೆ, ಹಾಗಾಗಿ ಕಂಪ್ಯೂಟರ್ ಸೈನ್ಸೇ ಓದಿಸೋಣ’ ಎಂದು ತೀರ್ಮಾನಿಸುತ್ತಾರೆ. ಸಿಇಟಿ ರ‍್ಯಾಂಕಿಗೆ ಆ ಸೀಟು ಸಿಗದಿದ್ದರೆ ಮ್ಯಾನೇಜ್‌ಮೆಂಟ್ ಕೋಟಾದ ಮಾತು ಶುರುವಾಗುತ್ತದೆ, ಅದರ ಬೆನ್ನಿಗೇ ಸಾಲದ ಮಾತು. ಮನೆವಾರ್ತೆಯ ಲೆಕ್ಕಗಳನ್ನೇ ಬರೆಯುತ್ತಾ ಬಂದಿರುವ ನನಗೆ ಆ ‘ಹಾಗಾಗಿ’ ಎಂಬ ಒಂದು ಮಾತು ಬಹಳ ದುಬಾರಿಯಾಗಿ ಕಾಣುತ್ತದೆ. ಹಾರ್ಡ್‌ವೇರ್ ಮೇಲೆ ನಿಜವಾದ ಒಲವು ಇರುವವರಿಗೆ, ಹೆಚ್ಚಿನ ಸಂದರ್ಭಗಳಲ್ಲಿ, ಸರ್ಕಾರಿ ಶುಲ್ಕಕ್ಕೆ ಸಿಗುವ ಎಲೆಕ್ಟ್ರಾನಿಕ್ಸ್ ಸೀಟು ಲಕ್ಷಗಟ್ಟಲೆ ಸುರಿದು ಪಡೆದ ಕಂಪ್ಯೂಟರ್ ಸೈನ್ಸ್ ಸೀಟಿಗಿಂತ ಮೇಲು. ಓದಿನ ದೃಷ್ಟಿಯಿಂದಲೂ ಮೇಲು, ದುಡ್ಡಿನ ದೃಷ್ಟಿಯಿಂದಲೂ ಮೇಲು.

ಮೊದಲು ಆ ಒಲವು ಯಾವ ಬಗೆಯದು ಎಂದು ನೋಡಬೇಕು. ಒಂದು ಮದರ್‌ಬೋರ್ಡನ್ನು ಕೈಗೆತ್ತಿಕೊಂಡು, ಪ್ರೊಸೆಸರ್ ಕೂರುವ ಜಾಗಕ್ಕೂ ರ‍್ಯಾಮ್ ಸಿಕ್ಕಿಸುವ ಸ್ಲಾಟಿಗೂ ನಡುವಿನ ಭಾಗವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಂಥ ತಾಮ್ರದ ಗೆರೆಗಳು ಒಂದರ ಪಕ್ಕ ಒಂದು ಓಡುತ್ತವೆ. ಬಹಳಷ್ಟು ಬೋರ್ಡುಗಳಲ್ಲಿ ಕೆಲವು ಗೆರೆಗಳು, ನೇರ ಹೋಗಲು ಜಾಗವಿದ್ದರೂ, ಹಾವು ಹರಿದ ಹಾಗೆ ಅಂಕುಡೊಂಕಾಗಿ ಬಳಸಿಕೊಂಡು ಹೋಗಿರುತ್ತವೆ. ಈ ಬೋರ್ಡಿಗೆ ಯಾವ ರ‍್ಯಾಮ್ ಹಾಕಿದರೆ ಗೇಮ್ ಚೆನ್ನಾಗಿ ಓಡುತ್ತದೆ ಎಂದು ಕೇಳುವವರು ಒಂದು ಬಗೆ. ಬೋರ್ಡು ಆನ್ ಆಗದಿದ್ದರೆ ಮಲ್ಟಿಮೀಟರ್ ಹಿಡಿದು ಎಲ್ಲಿಯವರೆಗೆ ವೋಲ್ಟೇಜ್ ಬಂದಿದೆ, ಎಲ್ಲಿ ನಿಂತಿದೆ ಎಂದು ಹುಡುಕುತ್ತಾ ಕೂರುವವರು ಇನ್ನೊಂದು ಬಗೆ. ಆ ಗೆರೆ ಯಾಕೆ ಹಾಗೆ ಸುತ್ತಿ ಬಳಸಿದೆ ಎಂದು ತಲೆ ಕೆಡಿಸಿಕೊಳ್ಳುವವರು ಮೂರನೆಯವರು. ಅದರ ಉತ್ತರ ಬಹಳ ಸೊಗಸಾಗಿದೆ. ಡಿಡಿಆರ್5 ರ‍್ಯಾಮು ಸೆಕೆಂಡಿಗೆ 480 ಕೋಟಿ ಬಾರಿ ದತ್ತಾಂಶ ಸಾಗಿಸುವಾಗ ಒಂದು ಬಿಟ್ಟಿಗೆ ಸಿಗುವ ಸಮಯ ನ್ಯಾನೊಸೆಕೆಂಡಿನ ಐದನೇ ಒಂದು ಪಾಲು. ಅಷ್ಟರಲ್ಲಿ ಸಂಕೇತ ಬೋರ್ಡಿನ ಮೇಲೆ ಸಾಗುವುದು ಸುಮಾರು 3 ಸೆಂಟಿಮೀಟರ್. ಒಟ್ಟಿಗೆ ಹೊರಟ ಬಿಟ್ಟುಗಳು ಒಟ್ಟಿಗೇ ತಲುಪಬೇಕಾದರೆ ಗೆರೆಗಳ ಉದ್ದವೂ ಸರಿಸಮ ಇರಬೇಕು. ಹತ್ತಿರದ ಗೆರೆ ಬಳಸಿಕೊಂಡು ಹೋಗುವುದು ದೂರದ ಗೆರೆಯ ಜೊತೆ ಹೆಜ್ಜೆ ಕೂಡಿಸಲಿಕ್ಕೆ.

ಮೊದಲ ಬಗೆಯ ಒಲವು ಹವ್ಯಾಸ. ಅದು ಜೀವನಪೂರ್ತಿ ಖುಷಿ ಕೊಡಬಲ್ಲದು, ಆದರೆ ಅದನ್ನು ನಂಬಿ ಡಿಗ್ರಿ ಆರಿಸಬೇಕಿಲ್ಲ. ಬಿಕಾಂ ಓದಿದವರೂ ಒಳ್ಳೆಯ ಕಂಪ್ಯೂಟರ್ ಕಟ್ಟಿಕೊಳ್ಳಬಹುದು. ಎರಡನೆಯ ಬಗೆಯವರಿಗೆ ಡಿಪ್ಲೊಮಾ ಇದೆ, ಅದರ ಮಾತು ಮುಂದೆ ಬರುತ್ತದೆ. ಮೂರನೆಯ ಬಗೆಯವರಿಗೆ ಬೇಕಾದ ಉತ್ತರಗಳು ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿವೆ. ಎರಡೂ ವಿಭಾಗಗಳ ಸಿಲಬಸ್ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಕಂಪ್ಯೂಟರ್ ಸೈನ್ಸಿನಲ್ಲಿ ಡಿಜಿಟಲ್ ಲಾಜಿಕ್, ಕಂಪ್ಯೂಟರ್ ಆರ್ಗನೈಸೇಷನ್ ಅಂತ ಒಂದೆರಡು ವಿಷಯಗಳಲ್ಲಿ ಹಾರ್ಡ್‌ವೇರ್ ಮುಗಿಯುತ್ತದೆ. ಮಿಕ್ಕದ್ದೆಲ್ಲ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್, ಈಗ ಮಷೀನ್ ಲರ್ನಿಂಗ್. ಸರ್ಕ್ಯೂಟುಗಳ ವಿಶ್ಲೇಷಣೆ, ಟ್ರಾನ್ಸಿಸ್ಟರ್, ವಿದ್ಯುತ್ಕಾಂತೀಯ ಕ್ಷೇತ್ರ, ಸಿಗ್ನಲ್ಸ್, ಮೈಕ್ರೊಕಂಟ್ರೋಲರ್, ಚಿಪ್ ವಿನ್ಯಾಸದ ಭಾಷೆಯಾದ ವೆರಿಲಾಗ್, ಚಿಪ್ ವಿನ್ಯಾಸ ಕಲಿಸುವ ವಿಎಲ್‌ಎಸ್‌ಐ ಇರುವುದು ಎಲೆಕ್ಟ್ರಾನಿಕ್ಸಿನಲ್ಲಿ. ಇದಕ್ಕೆ ಒಂದು ಅಪವಾದವನ್ನು ಒಪ್ಪಲೇಬೇಕು. ಪ್ರೊಸೆಸರಿನ ಒಳಗಿನ ರಚನೆ, ಡ್ರೈವರ್, ಫರ್ಮ್‌ವೇರ್, ಅಂದರೆ ಹಾರ್ಡ್‌ವೇರಿಗೂ ಸಾಫ್ಟ್‌ವೇರಿಗೂ ನಡುವಿನ ಗಡಿಯಲ್ಲಿ ಆಸಕ್ತಿ ಇರುವವರಿಗೆ ಕಂಪ್ಯೂಟರ್ ಸೈನ್ಸ್ ತಪ್ಪು ಆಯ್ಕೆಯಲ್ಲ. ಒಳ್ಳೆಯ ರ‍್ಯಾಂಕಿಗೆ ಸರ್ಕಾರಿ ಶುಲ್ಕದಲ್ಲೇ ಸಿಗುವುದಾದರೆ ಧಾರಾಳವಾಗಿ ಸೇರಬಹುದು. ನನ್ನ ತಕರಾರು ಇರುವುದು ಸಾಲ ಮಾಡಿ ಕೊಳ್ಳುವ ಸೀಟಿನ ಬಗ್ಗೆ.

ಆ ಸಾಲವನ್ನು ಒಮ್ಮೆ ಕೂಡಿ ನೋಡೋಣ. ಸಿಇಟಿ ಮೂಲಕ ಖಾಸಗಿ ಕಾಲೇಜಿನಲ್ಲಿ ಸಿಗುವ ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ ಸುಮಾರು 1 ಲಕ್ಷ ರೂಪಾಯಿ ಎಂದುಕೊಂಡರೆ, ಪುಸ್ತಕ, ಪ್ರಯಾಣ ಎಲ್ಲ ಸೇರಿ ನಾಲ್ಕು ವರ್ಷಕ್ಕೆ 5 ಲಕ್ಷ ಸಾಲ. ಮ್ಯಾನೇಜ್‌ಮೆಂಟ್ ಸೀಟಿಗೆ ಒಟ್ಟು 15 ಲಕ್ಷ ಎಂದು ಇಟ್ಟುಕೊಳ್ಳೋಣ, ಹೆಸರಾಂತ ಕಾಲೇಜುಗಳಲ್ಲಿ ಇದಕ್ಕಿಂತ ಹೆಚ್ಚೂ ಆಗುತ್ತದೆ. ಬಡ್ಡಿ ಶೇ 10. ಪ್ರತಿ ವರ್ಷದ ಆರಂಭದಲ್ಲಿ ಕಾಲು ಭಾಗ ಬಿಡುಗಡೆಯಾಗುತ್ತದೆ, ಓದು ಮುಗಿದ ಮೇಲೆ ಒಂದು ವರ್ಷದ ತನಕ ಕಂತಿಲ್ಲ, ಆದರೆ ಸರಳ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮೊದಲ ಕಂತು ಕಟ್ಟುವ ದಿನ 5 ಲಕ್ಷದ ಸಾಲ 6.75 ಲಕ್ಷ ಆಗಿರುತ್ತದೆ, 15 ಲಕ್ಷದ್ದು 20.25 ಲಕ್ಷ. ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಒಂದಕ್ಕೆ ಸುಮಾರು 8,900 ರೂಪಾಯಿ, ಇನ್ನೊಂದಕ್ಕೆ ಸುಮಾರು 26,800. ಕೊನೆಗೆ ಕಟ್ಟಿದ ಮೊತ್ತ 10.7 ಲಕ್ಷ ಒಂದು ಕಡೆ, 32 ಲಕ್ಷ ಇನ್ನೊಂದು ಕಡೆ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹತ್ತು ವರ್ಷಗಳಿಗೂ ಮೇಲ್ಪಟ್ಟು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ, ಅಂದರೆ ತಿಂಗಳಿಗೆ 30 ಸಾವಿರಕ್ಕಿಂತ ಕಡಿಮೆ. ಅದರಲ್ಲಿ 26,800 ಕಂತು ಕಟ್ಟಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟುವುದು ಎಲ್ಲಿಂದ? ಕಂತು ಅಪ್ಪನ ಪೆನ್ಷನ್ನಿನ ಮೇಲೆ ಬೀಳುತ್ತದೆ. ಜೊತೆಗೆ, 7.5 ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತದೆ, ಮನೆ ಪತ್ರ ಬೀರುವಿನಿಂದ ಬ್ಯಾಂಕಿಗೆ ಹೋಗುತ್ತದೆ.

ಕಡಿಮೆ ಖರ್ಚಿನ ದಾರಿಗೆ ಸರ್ಕಾರದ ಆಸರೆಯೂ ಇದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಸೀಟುಗಳಿಗೆ ಅರ್ಹತೆ ಸಿಗುತ್ತದೆ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿಯಾಗಿ ಕೊಡುವ ಈ ಸೀಟುಗಳಿಗೆ ಬೋಧನಾ ಶುಲ್ಕವಿಲ್ಲ. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಇದೇ ಆದಾಯ ಮಿತಿಯವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವ ತನಕದ ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿ ಇದೆ. ಆದರೆ ಅದು ಗುರುತಿಸಿದ ಸಂಸ್ಥೆಗಳಲ್ಲಿ, ಅರ್ಹತೆಯ ಮೇಲೆ ಸೀಟು ಪಡೆದವರಿಗೆ.

ಇಷ್ಟು ಹೇಳಿದಾಗ ಬರುವ ಮೊದಲ ಆಕ್ಷೇಪಣೆ, ‘ನಮ್ಮ ದೇಶದಲ್ಲಿ ಹಾರ್ಡ್‌ವೇರ್ ಕೆಲಸ ಎಲ್ಲಿದೆ?’ ಎನ್ನುವುದು. ಬೇರೆ ರಾಜ್ಯದವರು ಕೇಳಿದರೆ ಒಪ್ಪಬಹುದು, ಕರ್ನಾಟಕದಲ್ಲಿ ಕೂತು ಈ ಪ್ರಶ್ನೆ ಕೇಳಬಾರದು. ಟೆಲಿಫೋನು ಮಾಡುವ ಐಟಿಐ ಕಾರ್ಖಾನೆ ಬೆಂಗಳೂರಿನಲ್ಲಿ 1948ರಲ್ಲೇ ಶುರುವಾಯಿತು, ಬಿಇಎಲ್ 1954ರಲ್ಲಿ ಬಂತು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಇವತ್ತು ಇಂಟೆಲ್, ಎಎಂಡಿ, ಕ್ವಾಲ್‌ಕಾಂ, ಎನ್‌ವಿಡಿಯಾಗಳಿಗೆಲ್ಲ ಬೆಂಗಳೂರಿನಲ್ಲಿ ಎಂಜಿನಿಯರುಗಳ ದೊಡ್ಡ ತಂಡಗಳಿವೆ. ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಸೆಮಿಕಂಡಕ್ಟರ್ ಉದ್ಯಮಕ್ಕೆಂದು 76,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿದ ಮೇಲೆ ಚಿಪ್ ತಯಾರಿಕೆ, ಪ್ಯಾಕೇಜಿಂಗ್ ಘಟಕಗಳು ಗುಜರಾತಿನ ಧೊಲೇರಾ, ಸಾನಂದ್, ಅಸ್ಸಾಮಿನ ಜಾಗಿರೋಡ್ ಕಡೆ ಹೋದವು, ನಿಜ. ಆದರೆ ವಿನ್ಯಾಸದ ಕೆಲಸದ ಕೇಂದ್ರ ಇನ್ನೂ ಬೆಂಗಳೂರೇ. ಒಂದು ಎಚ್ಚರಿಕೆಯನ್ನು ಮಾತ್ರ ಮಕ್ಕಳಿಗೆ ಮೊದಲೇ ಹೇಳಬೇಕು: ಚಿಪ್ ವಿನ್ಯಾಸದಲ್ಲಿ ಸ್ಕ್ರೂಡ್ರೈವರಿಗೆ ಕೆಲಸವಿಲ್ಲ. ಬಹಳಷ್ಟು ಎಂಜಿನಿಯರುಗಳು ವೆರಿಫಿಕೇಷನ್ನಿನಲ್ಲಿರುತ್ತಾರೆ. ಚಿಪ್ ಅಚ್ಚಾಗುವ ಮೊದಲೇ ಅದರ ತಪ್ಪು ಹಿಡಿಯಲು ದಿನವಿಡೀ ಪರದೆಯ ಮುಂದೆ ಕೋಡ್ ಬರೆಯುವ ಕೆಲಸ ಅದು. ವಸ್ತುವನ್ನು ಮುಟ್ಟಿ, ಅಳೆದು, ಬಿಸಿ ನೋಡಿ ಕೆಲಸ ಮಾಡುವ ಆಸೆಯಿದ್ದರೆ ಬೋರ್ಡ್ ವಿನ್ಯಾಸ, ಎಂಬೆಡೆಡ್, ತಯಾರಾಗಿ ಬಂದ ಚಿಪ್ಪನ್ನು ಲ್ಯಾಬಿನಲ್ಲಿ ಆಸಿಲೋಸ್ಕೋಪಿಗೆ ಜೋಡಿಸಿ ಪರೀಕ್ಷಿಸುವ ವ್ಯಾಲಿಡೇಷನ್ ಕೆಲಸಗಳತ್ತ ನೋಡಬೇಕು. ಇವೆಲ್ಲಕ್ಕೂ ಬಾಗಿಲು ಎಲೆಕ್ಟ್ರಾನಿಕ್ಸೇ.

ಎರಡನೆಯ ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು. ಹಾರ್ಡ್‌ವೇರಿನಲ್ಲಿ ಒಳ್ಳೆಯ ಕೆಲಸಕ್ಕೆ ಎಂ.ಟೆಕ್. ಬೇಕಾಗುತ್ತದೆ, ಉದ್ಯಮವೂ ಏರಿಳಿತದ್ದು ಎನ್ನುತ್ತಾರೆ. ಎರಡೂ ಸತ್ಯ. 2021ರಲ್ಲಿ ಚಿಪ್ ಸಿಗದೆ ಕಾರುಗಳ ಡೆಲಿವರಿಯೇ ನಿಂತಿತ್ತು, 2023ರ ಹೊತ್ತಿಗೆ ಮೆಮೊರಿ ಕಂಪನಿಗಳು ನಷ್ಟದಲ್ಲಿದ್ದವು, 2024ರ ಆಗಸ್ಟಿನಲ್ಲಿ ಇಂಟೆಲ್ ಸುಮಾರು 15,000 ಉದ್ಯೋಗ ಕಡಿತ ಘೋಷಿಸಿತು. ಇಂಥ ಉದ್ಯಮಕ್ಕೆ ಕಾಲಿಡುವವರು ಹೆಗಲ ಮೇಲೆ ದೊಡ್ಡ ಸಾಲ ಹೊತ್ತಿರಬಾರದು ಎಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕೆ? ಕಂತಿನ ಭಾರ ಕಡಿಮೆಯಿದ್ದವರು ಕೆಲಸ ಹೋದರೂ ಆರು ತಿಂಗಳು ತಡೆದುಕೊಳ್ಳಬಲ್ಲರು. ಎಂ.ಟೆಕ್. ವಿಷಯಕ್ಕೆ ಬಂದರೆ, ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಬಿ.ಇ.ಗೆ ಉಳಿಸಿದ ಹಣದ ಒಂದು ಸಣ್ಣ ಪಾಲಿನಲ್ಲಿ, ಒಳ್ಳೆಯ ಸರ್ಕಾರಿ ಸಂಸ್ಥೆಯಲ್ಲಿ ಆ ಎರಡು ವರ್ಷ ಕಳೆಯುತ್ತದೆ. ‘ಎಲೆಕ್ಟ್ರಾನಿಕ್ಸ್ ಓದಿ ಕೊನೆಗೆ ಸಾಫ್ಟ್‌ವೇರಿಗೇ ಹೋಗ್ತಾರಲ್ಲ’ ಎನ್ನುವವರಿದ್ದಾರೆ. ಹೋಗುತ್ತಾರೆ, ಹೋಗಲಿ. ಆ ದಾರಿ ತೆರೆದಿರುವುದು ಈ ಡಿಗ್ರಿಯ ಲಾಭವೇ ಹೊರತು ದೋಷವಲ್ಲ. ಆದರೆ ಕಂಪ್ಯೂಟರ್ ಸೈನ್ಸ್ ಓದಿ ಆಮೇಲೆ ಅನಲಾಗ್ ಸರ್ಕ್ಯೂಟಿಗೆ ಹೊರಳಿದವರು ವಿರಳ.

ಈಗ ಎರಡನೆಯ ಬಗೆಯವರು, ಅಂದರೆ ಕೆಟ್ಟದ್ದನ್ನು ಸರಿಮಾಡುವ ಕೈಯವರು. ಅವರಿಗೆ ನಮ್ಮಲ್ಲಿ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂಬ ನೋವು ನನಗಿದೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮೂರು ವರ್ಷ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಬಿ.ಇ.ಗೆ ಸೇರಿದರೆ ಇನ್ನು ಮೂರು ವರ್ಷ, ಒಟ್ಟು ಅದೇ ಆರು. ಸರ್ಕಾರಿ ಪಾಲಿಟೆಕ್ನಿಕ್ಕಿನ ಶುಲ್ಕ ವರ್ಷಕ್ಕೆ ಕೆಲವು ಸಾವಿರ. ಹೀಗೆ ಹೋದವರ ಕೈಯಲ್ಲಿ ಹತ್ತೊಂಬತ್ತನೇ ವಯಸ್ಸಿಗೇ ಒಂದು ಅರ್ಹತೆ ಇರುತ್ತದೆ. ಬಿಇಎಲ್, ಎಚ್‌ಎಎಲ್‌ನಂಥ ಕಡೆ ಅಪ್ರೆಂಟಿಸ್ ಆಗಬಹುದು, ಡೇಟಾ ಸೆಂಟರುಗಳಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಬಹುದು, ಬಿಸಿಗಾಳಿಯಲ್ಲಿ ಚಿಪ್ ಕಿತ್ತು ಕೂರಿಸುವ ಚಿಪ್ ಲೆವೆಲ್ ಸರ್ವಿಸ್ ಕಲಿತು ಸ್ವಂತ ಅಂಗಡಿ ಹಾಕಬಹುದು, ಇಲ್ಲವೇ ಓದು ಮುಂದುವರಿಸಬಹುದು. ತೊಂದರೆ ಇರುವುದು ಗಣಿತದಲ್ಲಿ. ಪಿಯುಸಿಯಷ್ಟು ಆಳದ ಗಣಿತ ಡಿಪ್ಲೊಮಾದಲ್ಲಿ ಇರುವುದಿಲ್ಲ, ವಿಟಿಯು ಲ್ಯಾಟರಲ್ ಎಂಟ್ರಿಯವರಿಗೆ ಹೆಚ್ಚುವರಿ ಗಣಿತವನ್ನು ಇಟ್ಟಿದ್ದೇ ಈ ಕಾರಣಕ್ಕೆ. ಮೂರು ವರ್ಷವೂ ಗಣಿತವನ್ನು ಬಿಡದೆ ಅಭ್ಯಾಸ ಮಾಡಿದವರಿಗೆ ಮಾತ್ರ ಈ ದಾರಿ ಸಲೀಸು.

ಹೊಸ ಹೆಸರಿನ ಕೋರ್ಸುಗಳ ಬಗ್ಗೆಯೂ ಒಂದು ಮಾತು. ಎಐಸಿಟಿಇ 2023ರಲ್ಲಿ ವಿಎಲ್‌ಎಸ್‌ಐ ವಿನ್ಯಾಸಕ್ಕೆಂದೇ ಬಿ.ಟೆಕ್. ಮಾದರಿ ಪಠ್ಯಕ್ರಮ ರೂಪಿಸಿದ ಮೇಲೆ ಆ ಹೆಸರಿನ ವಿಭಾಗಗಳು ಹಲವು ಕಾಲೇಜುಗಳಲ್ಲಿ ಶುರುವಾಗಿವೆ. ಹೆಸರಿಗೆ ಮರುಳಾಗದೆ ಕಾಲೇಜಿನ ಲ್ಯಾಬಿಗೆ ಹೋಗಿ ನೋಡಿ. ಕೆಲಸ ಮಾಡುವ ಆಸಿಲೋಸ್ಕೋಪುಗಳು ಎಷ್ಟು, ಎಫ್‌ಪಿಜಿಎ ಬೋರ್ಡು ಎಷ್ಟು ವಿದ್ಯಾರ್ಥಿಗಳಿಗೆ ಒಂದು, ಚಿಪ್ ವಿನ್ಯಾಸದ ಸಾಫ್ಟ್‌ವೇರಿನ ಲೈಸೆನ್ಸ್ ಇದೆಯೇ ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ. ಇವು ಇಲ್ಲದ ಹೊಸ ವಿಭಾಗಕ್ಕಿಂತ ಇವು ಇರುವ ಹಳೆಯ ಎಲೆಕ್ಟ್ರಾನಿಕ್ಸ್ ವಿಭಾಗ ಎಷ್ಟೋ ಮೇಲು.

ಕೊನೆಯದಾಗಿ ಪೋಷಕರಲ್ಲಿ ಒಂದು ವಿನಂತಿ. ಲಕ್ಷಗಳ ಮಾತಿಗೆ ಮುಂಚೆ ಐದು ಸಾವಿರದೊಳಗಿನ ಒಂದು ಪರೀಕ್ಷೆ ಮಾಡಿ. ಒಂದು ಮಲ್ಟಿಮೀಟರ್, ಸಾಲ್ಡರಿಂಗ್ ಐರನ್, ಆರ್ಡುಯಿನೊ ಬೋರ್ಡು ತಂದುಕೊಡಿ. ವೆರಿಲಾಗ್ ಓಡಿಸುವ ಐಕಾರಸ್, ಬೋರ್ಡ್ ವಿನ್ಯಾಸಕ್ಕೆ ಕೀಕ್ಯಾಡ್, ಎನ್‌ಪಿಟಿಇಎಲ್ ಪಾಠಗಳು, ನ್ಯಾಂಡ್ ಟು ಟೆಟ್ರಿಸ್ ಕೋರ್ಸು, ಎಲ್ಲವೂ ಉಚಿತ. ಪಿಯುಸಿ ಪರೀಕ್ಷೆಗೂ ಆಪ್ಷನ್ ಎಂಟ್ರಿಗೂ ನಡುವೆ ಸಿಗುವ ರಜೆಯಲ್ಲಿ ಒಂದು ತಿಂಗಳು ಅವರ ಪಾಡಿಗೆ ಬಿಟ್ಟು ನೋಡಿ. ಉರಿಯದ ಒಂದು ಎಲ್‌ಇಡಿಯ ಹಿಂದೆ ಮೂರು ಗಂಟೆ ಕೂತ ಮೇಲೂ ‘ಇನ್ನೊಂದು ಸಲ ನೋಡ್ತೀನಿ’ ಎಂದು ಹೇಳಿದರೆ ಎಲೆಕ್ಟ್ರಾನಿಕ್ಸನ್ನು ಪಟ್ಟಿಯಲ್ಲಿ ಮೇಲೆ ಬರೆಯಿರಿ. ಎರಡೇ ದಿನಕ್ಕೆ ಆ ಡಬ್ಬಿ ಮಂಚದ ಕೆಳಗೆ ಸೇರಿದರೆ ಬೇರೆ ದಾರಿ ಯೋಚಿಸಿ, ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಆ ತಿಂಗಳು ಕಳೆಯುವ ತನಕ ದಯವಿಟ್ಟು ಯಾವ ಕಾಲೇಜಿಗೂ ಮುಂಗಡ ಕಟ್ಟಬೇಡಿ.