ಎಂಆರ್‌ಐ ನಾರ್ಮಲ್ ಬಂದರೂ ತಪಾಸಣೆ ನಿಲ್ಲದಿರಲಿ

ಆರೋಗ್ಯವಾಗಿದ್ದ ಮಗು ಒಂದೆರಡು ವಾರಗಳಲ್ಲೇ ನಿದ್ದೆಗೆಟ್ಟು, ಏನೇನೋ ಬಡಬಡಿಸಿ, ಕೊನೆಗೆ ಮಾತನ್ನೇ ನಿಲ್ಲಿಸಿ, ಬಾಯಿ, ಕೈಗಳನ್ನು ವಿಚಿತ್ರವಾಗಿ ಆಡಿಸತೊಡಗಿದರೆ, ಜೊತೆಗೆ ಫಿಟ್ಸ್ ಬಂದರೆ, ತಡಮಾಡದೆ ನರರೋಗ ತಜ್ಞರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಎನ್‌ಸೆಫಲೈಟಿಸ್ ಇದಾಗಿರಬಹುದು. ಮಕ್ಕಳು, ಯುವಜನರಲ್ಲಿ ಹೆಚ್ಚಾಗಿ ಕಾಣುವ ಎನ್‌ಎಂಡಿಎ ರಿಸೆಪ್ಟರ್ ಬಗೆಯನ್ನು ಜೋಸೆಪ್ ಡಾಲ್ಮೌ ಅವರ ತಂಡ 2007ರಲ್ಲಿ ವಿವರಿಸಿತು. ಇಲ್ಲಿ ಅನೇಕ ಕುಟುಂಬಗಳು ದಾರಿ ತಪ್ಪುವುದು ಸ್ಕ್ಯಾನ್ ವರದಿ ಕೈಗೆ ಬಂದಾಗ. ‘ಎಂಆರ್‌ಐ ನಾರ್ಮಲ್, ಹಾಗಾದರೆ ಇದು ಮನಸ್ಸಿನ ಕಾಯಿಲೆ’ ಎಂಬ ತೀರ್ಮಾನ ಅಪಾಯಕಾರಿ. 2013ರಲ್ಲಿ ಪ್ರಕಟವಾದ, ಈ ಬಗೆಯ 577 ರೋಗಿಗಳ ಅಧ್ಯಯನದಲ್ಲಿ ಎಂಆರ್‌ಐ ಬದಲಾವಣೆ ತೋರಿಸಿದ್ದು ಸುಮಾರು ಮೂರನೇ ಒಂದು ಭಾಗದವರಲ್ಲಿ ಮಾತ್ರ. ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಏರುಪೇರಾಗಿದ್ದು ಸುಮಾರು ಶೇ 90 ಮಂದಿಯಲ್ಲಿ. ಈ ಕಾಯಿಲೆಯ ಪ್ರತಿಕಾಯಗಳು (ಆಂಟಿಬಾಡಿ) ನರಕೋಶದ ಮೇಲ್ಮೈಯ ರಿಸೆಪ್ಟರ್‌ಗಳನ್ನು ಕಡಿಮೆ ಮಾಡುತ್ತವೆ, ಕೋಶವನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಕೆಲಸ ಕೆಟ್ಟರೂ ರಚನೆ ಹಾಗೆಯೇ ಉಳಿಯುವುದರಿಂದ ಚಿತ್ರ ಶುಭ್ರವಾಗಿರಬಹುದು.

ಹಾಗಿದ್ದರೆ ಅಷ್ಟು ಖರ್ಚು ಮಾಡಿ ಎಂಆರ್‌ಐ ಏಕೆ? ಇದೇ ಲಕ್ಷಣ ತರುವ ಬೇರೆ ಕಾಯಿಲೆಗಳನ್ನು ಹುಡುಕಲು. ಹರ್ಪಿಸ್ ವೈರಸ್ ಸೋಂಕು ಸಾಮಾನ್ಯವಾಗಿ ಮಿದುಳಿನ ಕಪೋಲದ (ಟೆಂಪೊರಲ್) ಹಾಲೆಯನ್ನೂ, ಜಪಾನೀಸ್ ಎನ್‌ಸೆಫಲೈಟಿಸ್ ಥಲಾಮಸ್ಸನ್ನೂ ಹಿಡಿಯುತ್ತದೆ. ಗಡ್ಡೆ, ರಕ್ತ ಹೆಪ್ಪುಗಟ್ಟಿರುವುದೂ ಗೊತ್ತಾಗುತ್ತದೆ. ಇವುಗಳಿಗೆ ಸಿಟಿ ಸ್ಕ್ಯಾನ್ ಹಲವೊಮ್ಮೆ ಸಾಲದು. ಎಂಆರ್‌ಐನಲ್ಲಿ ಫ್ಲೇರ್, ಡಿಫ್ಯೂಷನ್ ಎಂಬ ಬಗೆಯ ಚಿತ್ರಗಳನ್ನು ತೆಗೆಯುತ್ತಾರೆಯೇ, ಕಾಂಟ್ರಾಸ್ಟ್ ಬೇಕೇ ಎಂದು ವೈದ್ಯರನ್ನೇ ಕೇಳಿ. ಹೋಗುವ ಮುನ್ನ ಕಾಲ್ಗೆಜ್ಜೆ, ಹೇರ್‌ಪಿನ್, ಉಡಿದಾರದ ತಾಯಿತ ಎಲ್ಲವನ್ನೂ ಬಿಚ್ಚಿಡಿ. ಅರಿವಳಿಕೆ ಕೊಡುವುದಾದರೆ ಎಷ್ಟು ಗಂಟೆ ಹೊಟ್ಟೆ ಖಾಲಿ ಇರಬೇಕೆಂದು ತಿಳಿದುಕೊಳ್ಳಿ.

ಮುಂದಿನ ಹೆಜ್ಜೆ ಇಇಜಿ ಮತ್ತು ಬೆನ್ನುಹುರಿ ದ್ರವದ ಪರೀಕ್ಷೆ. ಸೂಜಿ ಹಾಕಿದರೆ ಕಾಲು ಸ್ವಾಧೀನ ತಪ್ಪುತ್ತದೆಂದು ಎಷ್ಟೋ ಪೋಷಕರು ಸಹಿ ಹಾಕಲು ಹಿಂಜರಿಯುತ್ತಾರೆ. ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ ಸೂಜಿ ಚುಚ್ಚುವುದರಿಂದ ಆ ಭಯ ಬೇಡ. ಪ್ರತಿಕಾಯಕ್ಕಾಗಿ ರಕ್ತವನ್ನಷ್ಟೇ ನೋಡಿದರೆ ಕಾಯಿಲೆ ತಪ್ಪಿಹೋಗಬಹುದು, ದ್ರವವನ್ನೂ ಕಳಿಸಬೇಕು. ಹುಡುಗಿಯರಲ್ಲಿ, ಮುಖ್ಯವಾಗಿ ಮೈನೆರೆದವರಲ್ಲಿ, ಅಂಡಾಶಯದ ಗಡ್ಡೆಗಾಗಿ ಹೊಟ್ಟೆಯ ಸ್ಕ್ಯಾನ್ ಕೂಡ ಆಗಲೇಬೇಕು.

ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡ್ ಅನ್ನು ವರದಿ ಬರುವ ಮೊದಲೇ ಕೊಟ್ಟರೆ ಸೋಂಕು ಹೆಚ್ಚದೇ ಎಂಬ ಆತಂಕ ನ್ಯಾಯವಾದದ್ದು. ಅದಕ್ಕೇ ವೈದ್ಯರು ಹರ್ಪಿಸ್ ಅಲ್ಲವೆಂದು ಖಚಿತವಾಗುವವರೆಗೆ ಅದರ ಔಷಧಿಯಾದ ಅಸೈಕ್ಲೋವಿರ್ ನಿಲ್ಲಿಸುವುದಿಲ್ಲ. ಆದರೆ ಪ್ರತಿಕಾಯದ ವರದಿಗಾಗಿ ವಾರಗಟ್ಟಲೆ ಕಾಯುವುದು ಸರಿಯಲ್ಲ: 2013ರ ಅದೇ ಅಧ್ಯಯನದಲ್ಲಿ ಬೇಗ ಚಿಕಿತ್ಸೆ ಸಿಕ್ಕವರು ಹೆಚ್ಚು ಚೇತರಿಸಿಕೊಂಡರು. ಹರ್ಪಿಸ್ ವಾಸಿಯಾದ ಕೆಲವು ವಾರಗಳಲ್ಲಿ ಮಗುವಿನ ನಡವಳಿಕೆ ಮತ್ತೆ ಬದಲಾದರೆ ಹಳೆಯ ಫಿಲ್ಮ್, ಸಿ.ಡಿ. ಸಮೇತ ತಕ್ಷಣ ಮರಳಿ ಹೋಗಿ. ಆ ಸೋಂಕೇ ಈ ಆಟೋಇಮ್ಯೂನ್ ಕಾಯಿಲೆಯನ್ನು ಎಬ್ಬಿಸುವುದುಂಟು.